ಹಾಯ್ದು ಹೋಗಾಕ ಬಂದ ರುದ್ರತ್ತಿ

ಮೊನ್ನೆ ಮಟಮಟ ಮಧ್ಯಾಹ್ನ ಪಾರ್ಸಲ್ ತಂದ ಹುಡುಗನಿಗೆ ಗೇಟಿನಲ್ಲೇ ಒಂದು ಚೊಂಬು ನೀರು ಕೊಟ್ಟೆ. ಪಾಪ, ಬೆವತು ತೊಯ್ದುಹೋಗಿದ್ದ. ನೀರು ಕುಡಿದು ಹೊರಟವನಿಗೆ, ನಾಲಿಗೆಯ ರೂಢಿ ನೋಡಿ, "ಈ ಕಡೆ ಬಂದಾಗ ಹಾಯ್ದು ಹೋಗಪಾ" ಎಂದುಬಿಟ್ಟೆ. ಅವನು ಫೋನಿನ ನಕ್ಷೆಯನ್ನು ಹಿಂದೆ ಮುಂದೆ ಸರಿಸಿ ನೋಡಿ, "ಇಲ್ಲ ಆಂಟಿ, ಈ ಕಡೆಯಿಂದ ಹಾದು ಹೋಗೋಕೆ ಆಗಲ್ಲ. ನಿಮ್ಮ ಮನೆ ಹತ್ರ ರಸ್ತೆ ಮುಗಿಯತ್ತೆ" ಎಂದು ಹೇಳಿ ಗಾಡಿ ತಿರುಗಿಸಿದ.

ನಗು ಬಂತು. ದಾರಿಯಲ್ಲಿ ಒಂದು ಗಳಿಗೆ ಮನೆಗೆ ಬಂದು ಹೋಗು ಎನ್ನುವುದಕ್ಕೆ ನಾವು 'ಹಾಯ್ದು ಹೋಗು' ಎನ್ನುತ್ತೇವೆ. ನನ್ನ ಅತ್ತಿ ಇದ್ದಿದ್ದರೆ ಅವನನ್ನು ಹಿಡಿದು ಕೂಡಿಸಿ, ರಸ್ತೆ ಮುಗಿಯುವಲ್ಲಿಯೂ ಹಾಯ್ದು ಹೋಗುವುದು ಹೇಗೆಂದು ತಿಳಿಸಿ ಹೇಳಿ, ಚಹಾ ಕುಡಿಸಿ ಕಳಿಸುತ್ತಿದ್ದಳು.

ಈ 'ಹಾಯು' ಎಂಬ ಮಾತು ನಮ್ಮ ಕಡೆ ಬಲು ದುಡಿಯುವ ಮಾತು. ಗದ್ದೆಗೆ ನೀರು ಹಾಯಿಸುತ್ತೇವೆ. ಬೇಸಿಗೆಯಲ್ಲಿ ಹೊಳೆ ಹಾಯುತ್ತೇವೆ. ಹರಕೆ ಹೊತ್ತವರು ಕೆಂಡ ಹಾಯುತ್ತಾರೆ. ಪೇಪರಿನ ಮೇಲೆ ಕಣ್ಣು ಹಾಯಿಸುತ್ತೇವೆ. ಸಿಟ್ಟು ಬಂದ ಹೆಂಗಸು ಮೈಮೇಲೆ ಹಾಯ್ದು ಬರುತ್ತಾಳೆ. ಹಾದಿ ಎನ್ನುವುದೂ ಇದರ ಮಗಳೋ ತಂಗಿಯೋ ಇರಬೇಕು. ಪಂಡಿತರನ್ನು ಕೇಳಿಲ್ಲ, ನನ್ನ ಅಂದಾಜು ಅಷ್ಟೇ. ಇನ್ನು ಎತ್ತು ಹಾಯುವುದೆಂದರೆ ಅದು ಕೋಡಿನಿಂದ ತಿವಿಯುವುದು. ಇದನ್ನು ತಿಳಿಯದೆ ಒಬ್ಬರು ಪಟ್ಟ ಪಾಡನ್ನು ನಾನು ಲಂಗ ಉಡುತ್ತಿದ್ದ ಕಾಲಕ್ಕೆ ಕಣ್ಣಾರೆ ಕಂಡಿದ್ದೇನೆ.

ನನ್ನ ತವರು ಹಾನಗಲ್ ತಾಲೂಕಿನ ಆಡೂರು. ಅಲ್ಲಿಗೆ ಕೆರೆಯ ಕೆಲಸ ನೋಡಲು ಮೈಸೂರು ಕಡೆಯಿಂದ ಒಬ್ಬ ಓವರ್ಸಿಯರ್ ಬಂದಿದ್ದರು. ಇಸ್ತ್ರಿ ಮಾಡಿದ ಪ್ಯಾಂಟು, ಮೃದು ಮಾತು. ಓಣಿಯಲ್ಲಿ ನಮ್ಮ ಎತ್ತು ಹಗ್ಗ ಹರಿದುಕೊಂಡು ಬರುತ್ತಿತ್ತು. ಅಪ್ಪ ಹಿಂದಿನಿಂದ ಓಡುತ್ತಾ, "ಸಾಹೇಬ್ರ, ಸರೀರಿ! ಎತ್ತು ಹಾಯ್ತೈತ್ರಿ!" ಎಂದು ಕೂಗಿದ. ಅವರು ಗೋಡೆಗೆ ಒತ್ತಿ ನಿಂತು, "ಹಾಯ್ಲಿ ಬಿಡಿ ಯಜಮಾನ್ರೇ, ಪಾಪ, ದಾರಿ ಬಿಟ್ಟಿದ್ದೀನಲ್ಲ" ಎಂದರು. ಮುಂದಿನದನ್ನು ನಾನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗ ಸಾಹೇಬರು ನಮ್ಮೂರಿನ ಹಳೆಯ ಶಾಸನದ ಕಲ್ಲಿನ ಮೇಲಿದ್ದರು. ಆ ಕಲ್ಲನ್ನು ಓದಲು ಎಂತೆಂಥವರೋ ಬಂದು ಹೋಗಿದ್ದಾರೆ. ಹತ್ತಿದವರು ಅವರೊಬ್ಬರೇ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ನನ್ನನ್ನು ಶಿಗ್ಗಾಂವಿಗೆ ಕೊಟ್ಟರು. ಬಸ್‌ಸ್ಟ್ಯಾಂಡಿನಿಂದ ಒಂದು ಕೂಗಿನಷ್ಟು ದೂರದಲ್ಲಿ ಮನೆ. ಮನೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ಮಾವ ಮತ್ತು ನಮ್ಮವರು ಗಿರಣಿ ನಡೆಸುತ್ತಿದ್ದರು. ಸಂಜೆ ಹೊತ್ತಿಗೆ ಇಬ್ಬರ ಹುಬ್ಬು, ಮೀಸೆಗಳೂ ಒಂದೇ ಬಣ್ಣವಾಗಿ, ಯಾರು ಅಪ್ಪ ಯಾರು ಮಗ ಎಂದು ಹೊಸಬಳಾದ ನಾನು ಎರಡೆರಡು ಸಲ ನೋಡಿ ಸೆರಗು ಹೊದೆಯಬೇಕಾಗುತ್ತಿತ್ತು. ಅತ್ತಿ ನೀಲವ್ವ ಹೊರಗಿನ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಲೋ ಬತ್ತಿ ಹೊಸೆಯುತ್ತಲೋ, ದಾರಿಯಲ್ಲಿ ಹೋಗುವವರನ್ನೆಲ್ಲಾ ಕರೆಯುತ್ತಿದ್ದಳು. "ಏನ್ರಿ ದುಂಡಸಿ ಗೌಡ್ರ, ಹಾಯ್ದು ಹೋಗ್ರಲಾ." "ಯವ್ವಾ ಫಾತಿಮಾ, ಒಂದೀಟು ಹಾಯ್ದು ಹೋಗಬಾರದೇನು?" ಅವರು ನಿಲ್ಲದೆಯೇ, "ಆತ್ರೀ, ಮತ್ತೊಮ್ಮೆ ಬರ್ತೇವ್ರಿ" ಎನ್ನುವರು. ಅಲ್ಲಿಗೆ ಎರಡೂ ಕಡೆಯ ಮರ್ಯಾದೆ ಮುಗಿಯಿತು. ಕರೆಯುವವರು ಕರೆಯಬೇಕು, ಹೋಗುವವರು ಹೋಗಬೇಕು. ಒಲೆಯ ಮುಂದೆ ಕೂತ ನನ್ನಂಥ ಸೊಸೆಯಂದಿರು ಬದುಕಿದ್ದೇ ಈ ಕಟ್ಟಳೆಯಿಂದ.

ಕಟ್ಟಳೆ ಮುರಿದವಳು ರುದ್ರತ್ತಿ.

ಅವಳ ಹೆಸರು ರುದ್ರವ್ವ. ಅತ್ತಿಯ ತವರಾದ ರಟ್ಟೀಹಳ್ಳಿಯವಳು, ಅತ್ತಿಯ ಬಾಲ್ಯದ ಗೆಳತಿ. ಇಬ್ಬರೂ ಕದಂಬೇಶ್ವರ ಗುಡಿಯ ಕಂಬಗಳ ನಡುವೆ ಮುಟ್ಟಾಟ ಆಡಿ ಬೆಳೆದವರಂತೆ. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳನ್ನು ಸವಣೂರಿಗೆ ಕೊಟ್ಟಿದ್ದಳು. ಹಿರೇಕೆರೂರಿನ ಒಂದು ಮದುವೆಯಲ್ಲಿ ಅತ್ತಿಗೆ ಅವಳು ಎಷ್ಟೋ ವರ್ಷದ ಮೇಲೆ ಸಿಕ್ಕಳು. ಕೈ ಕೈ ಹಿಡಿದು ಅತ್ತು, ನಕ್ಕು, ಊಟ ಮಾಡಿ, ಬಿಡುವಾಗ ಅತ್ತಿ ಎಲ್ಲರಿಗೂ ಅನ್ನುವಂತೆ ಅಂದಳು: "ಮಗಳ ಮನಿಗೆ ಹೋಗೂಮುಂದ ನಮ್ಮನಿ ಹಾಯ್ದು ಹೋಗ ರುದ್ರಿ."

ಸಂಕ್ರಾಂತಿಯ ಮಗ್ಗುಲಲ್ಲಿ ಒಂದು ಬೆಳಿಗ್ಗೆ, ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಹೊದ್ದು, ಕೈಯಲ್ಲೊಂದು ಚೀಲ ಹಿಡಿದು ರುದ್ರತ್ತಿ ಬಾಗಿಲಲ್ಲಿ ನಿಂತಿದ್ದಳು.

"ಕುಂದ್ರಂಗಿಲ್ಲ ನೀಲಾ," ಎಂದಳು ಕೂತುಕೊಳ್ಳುತ್ತಲೇ. "ಹಾಯ್ದು ಹೋಗಾಕ ಬಂದೇನಿ. ನಾಕರ ಸವಣೂರ ಬಸ್ಸಿಗೆ ಹೊಂಟೆ."

ಉಂಡಳು. ಮಲಗಿ ಎದ್ದಳು. ಚಹಾ ಕುಡಿದು, ಚೀಲ ಹಿಡಿದು, ಎಲ್ಲರಿಗೂ ಹೇಳಿ ಹೊರಟಳು. ನಾನು ಕಾಲಿಗೆ ಬಿದ್ದೆ. ದೀಪ ಹಚ್ಚುವ ಹೊತ್ತಿಗೆ ಅದೇ ಚೀಲ, ಅದೇ ಸೆರಗು, ಮತ್ತೆ ಬಾಗಿಲಲ್ಲಿ.

"ಬಸ್ಸು ಗಚ್ಚಂತ ತುಂಬಿತ್ತ. ನಾಳೆ ಹೊಕ್ಕೇನಿ."

ನಾಳೆ ಮಂಗಳವಾರ, ಮಗಳ ಮನೆಗೆ ಮಂಗಳವಾರ ಹೋಗಬಾರದು. ಅದರ ಮರುದಿನ ಹೊರಟಾಗ ಬೆಕ್ಕು ಅಡ್ಡ ಬಂತು. ಆಮೇಲೆ ಚಪ್ಪಲಿಯ ಹೆಬ್ಬೆರಳಿನ ಬಾರು ಹರಿಯಿತು. ಆಮೇಲೆ ಅಮಾವಾಸ್ಯೆ. ಅಮಾವಾಸ್ಯೆ ಮುಗಿದ ಮೇಲೆ ಪಂಚಾಂಗದಲ್ಲಿ ಏನೂ ಉಳಿಯದೆ, "ಯಾಕೋ ಮನಸಿಗೆ ಬರವಲ್ತು" ಎಂದಳು. ಆದರೆ ಮೂರೂವರೆಗೆ ಚೀಲ ಹಿಡಿದು ಹೊರಡುವುದನ್ನು ಮಾತ್ರ ಬಿಡಲಿಲ್ಲ. ನಾನು ಬುತ್ತಿ ಕಟ್ಟಿಕೊಡುವುದು, ಅವಳು ಹೋಗುವುದು, ಬುತ್ತಿ ಉಂಡು ಬರೀ ಬಟ್ಟೆ ತೆಗೆದುಕೊಂಡು ಬರುವುದು. ಹೋಗು ಎನ್ನುವ ಹಾಗಿಲ್ಲ, ದಿನವೂ ಹೋಗುತ್ತಿದ್ದಾಳಲ್ಲ!

ನನಗಿದ್ದ ಸಂಕಟ ಬೇರೆ. ಹಾನಗಲ್ ಕಡೆಯವರು ನಾವು ಭತ್ತ ಬೆಳೆಯುವ ಮಂದಿ, ಅನ್ನ ಉಂಡು ಬೆಳೆದವರು. ಜೋಳದ ರೊಟ್ಟಿ ನನ್ನ ಕೈಗೆ ಒಲಿದಿರಲಿಲ್ಲ. ಅತ್ತಿ ಪುಣ್ಯಾತ್ಗಿತ್ತಿ, ಏನೂ ಅನ್ನದೆ ತಿನ್ನುತ್ತಿದ್ದಳು. ರುದ್ರತ್ತಿ ಹಾಗಲ್ಲ. ಬಂದ ಎರಡನೆಯ ದಿನವೇ ನನ್ನ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು, "ಇದು ರೊಟ್ಟಿನೋ, ಹಿಂದೂಸ್ತಾನದ ನಕಾಶಿನೋ? ಇದು ನೋಡ, ಸಿಂಹಳ ಬ್ಯಾರೆ ಬಿದ್ದೈತಿ" ಎಂದಳು. ಮಾವ ನಕ್ಕದ್ದಕ್ಕೆ ಮೀಸೆಯ ಹಿಟ್ಟು ಪಲ್ಯದ ಮೇಲೆ ಉದುರಿತು. ನನ್ನ ಕಣ್ಣು ತುಂಬಿತು. ಮರುದಿನದಿಂದ ಒಲೆಯ ಮುಂದಿನ ಮಣೆ ಅವಳದು. ನಾನು ಪಕ್ಕದಲ್ಲಿ ಕೂತು ಹಿಟ್ಟು ನಾದುವವಳು. ಕೈ ಪಳಗಲೆಂದು ಅವಳ ಬುತ್ತಿಯ ರೊಟ್ಟಿಯನ್ನು ಮಾತ್ರ ನಾನೇ ಬಡಿಯಬೇಕು. "ಸುಡುಸುಡು ನೀರ ಹಾಕ. ಕೈ ಸುಟ್ರ ಸುಡ್ಲಿ. ಹಿಟ್ಟಿಗೆ ಅಂಜಿದಾಕಿ ರೊಟ್ಟಿ ಬಡಿಯಂಗಿಲ್ಲ." ಅವಳು ರೊಟ್ಟಿ ಬಡಿದರೆ ಪಟಪಟ ಸದ್ದು ಗಿರಣಿಯವರೆಗೆ ಕೇಳುತ್ತಿತ್ತು. ಹುಣ್ಣಿಮೆಯ ಚಂದ್ರನಂಥ ರೊಟ್ಟಿ. ಅವು ಉಬ್ಬಿದಷ್ಟೂ ನಾನು ಕುಗ್ಗುತ್ತಿದ್ದೆ.

ಒಂದು ರಾತ್ರಿ ಊಟಕ್ಕೆ ಕೂತಾಗ ಮಾವ ಮೆಲ್ಲಗೆ ಅತ್ತಿಯನ್ನು ಕೇಳಿದರು. ರುದ್ರತ್ತಿ ಹಿತ್ತಲಿಗೆ ಹೋಗಿದ್ದಳು.

"ಅಲ್ಲಾ, ರಟ್ಟೀಹಳ್ಳಿಂದ ಹಾವೇರಿ. ಹಾವೇರಿಂದ ಸವಣೂರಿಗೆ ನೆಟ್ಟಗ ಬಸ್ಸೈತಿ. ನಡುವ ಶಿಗ್ಗಾಂವಿ ಎಲ್ಲಿಂದ ಬಂತು?"

"ನೀವು ಗಿರಣಿ ನೋಡ್ಕೋರಿ" ಎಂದಳು ಅತ್ತಿ.

ಆ ಮಾತು ನನ್ನ ತಲೆಯಲ್ಲಿ ಕೂತಿತು. ನಿಜವೇ. ಸವಣೂರಿಗೆ ಹೋಗುವವಳು ಶಿಗ್ಗಾಂವಿ ಹಾಯ್ದು ಹೋಗುವುದೆಂದರೆ ಕೈ ಸುತ್ತಿ ಮೂಗು ಹಿಡಿದ ಹಾಗೆ. ಮರುದಿನ ರವಿಕೆ ಬಟ್ಟೆ ತರುವ ನೆವ ಮಾಡಿಕೊಂಡು ನಾನೂ ಬಸ್‌ಸ್ಟ್ಯಾಂಡಿನ ಕಡೆ ನಡೆದೆ.

ರುದ್ರತ್ತಿ ಕಲ್ಲು ಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸವಣೂರು ಬಸ್ಸು ಬಂತು. ಎದ್ದಳು. ಬಾಗಿಲಿಗೆ ಹೋಗಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಹಿಂದಿನಿಂದ ಯಾರೋ ಬಂದರು. "ನೀವು ಹತ್ರಿ" ಎಂದು ಕಾಲು ತೆಗೆದಳು. ಮತ್ತೊಬ್ಬರು ಬಂದರು. "ನೀವು ಹತ್ರೆವ್ವಾ, ಕೂಸಿನವರು." ಹೀಗೆ ಶಿಗ್ಗಾಂವಿಯನ್ನೆಲ್ಲ ಹತ್ತಿಸಿದಳು. ಅಷ್ಟಾದರೂ ಬಸ್ಸಿನಲ್ಲಿ ಅರ್ಧ ಸೀಟು ಖಾಲಿ ಇತ್ತು. ಕೊನೆಗೆ ಕಂಡಕ್ಟರು ಬಾಗಿಲಿನಿಂದ ಬಗ್ಗಿ ಕೇಳಿದ:

"ಯಮ್ಮಾ, ದಿನಾ ಬರ್ತೀರಿ, ಹತ್ತಂಗಿಲ್ಲ. ಬಸ್ ನೋಡಾಕ ಬರ್ತೀರೇನು?"

"ನಿಂದು ನೀ ನೋಡ್ಕೋ ತಮ್ಮಾ. ರೈಟ್ ಅನ್ನು."

ಬಸ್ಸು ಹೋಯಿತು. ಧೂಳು ಇಳಿದ ಮೇಲೆ ಅವಳಿಗೆ ನಾನು ಕಂಡೆ. ನಾಚಿಕೆ ಪಟ್ಟುಕೊಳ್ಳುವಳೇನೋ ಎಂದುಕೊಂಡರೆ, "ಬಾ, ಕುಂದರು. ನೀ ಕಟ್ಟಿದ ಬುತ್ತಿ ನೀನೂ ಒಂದಿಷ್ಟ ತಿನ್ನು, ಗೊತ್ತಾಗ್ತೈತಿ" ಎಂದು ಚೀಲ ಬಿಚ್ಚಿದಳು. ಬುತ್ತಿಯ ಜೊತೆಗೆ ಒಂದು ಚಿಕ್ಕ ಕುಂಚಿಗಿ ಈಚೆ ಬಂತು. ಎಳೆ ಕೂಸಿನ ತಲೆಗೆ ತೊಡಿಸಿ ಬೆನ್ನ ಮೇಲೆ ಇಳಿಬಿಡುತ್ತಾರಲ್ಲ, ಅದು. ಕೆಂಪು ಖಣದ್ದು, ಅಂಚಿಗೆ ಹಳದಿ ದಾರದ ಕಸೂತಿ. ಮಡಿಕೆಯ ಗೆರೆಗಳಲ್ಲಿ ಬಣ್ಣ ಮಾಸಿತ್ತು.

"ಯಾರಿಗಿದು ರುದ್ರತ್ತಿ?"

ಅವಳು ರೊಟ್ಟಿ ಮುರಿದಳು, ಮುರಿಯಲು ಬಲ ಬೇಕಾಯಿತು. ಆಮೇಲೆ ಹೇಳಿದಳು.

ಮಗಳು ಶಾಂತವ್ವನಿಗೆ ಗಂಡು ಕೂಸು ಹುಟ್ಟಿದಾಗ, ತೀರಿಹೋದ ತನ್ನ ಗಂಡನ ಹೆಸರೇ ಇಡುತ್ತಾರೆಂದು ಇವಳು ನಂಬಿದ್ದಳು. ಫಕ್ಕೀರಪ್ಪ. ಇಡುತ್ತೇವೆಂದು ಯಾರೂ ಹೇಳಿರಲಿಲ್ಲ. ಇಡಿ ಎಂದು ಇವಳೂ ಕೇಳಿರಲಿಲ್ಲ. ಹೆಸರಿಡುವ ದಿನ ಸವಣೂರಿನಲ್ಲಿ ಮನೆ ತುಂಬ ಮಂದಿ. ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಹೇಳಿದ ಹೆಸರು ರಮೇಶ.

"ರಮೇಶ! ನಮ್ಮ ಪೈಕಿ ಯಾರರೆ ರಮೇಶ ಅದಾರೇನು? ನಾ ಅಲ್ಲೇ ಎದ್ದು ನಿಂತೆ. 'ನಿಮ್ಮ ಹೊಸ್ತಿಲಾ ಇನ್ನ ನಾ ತುಳಿಯಂಗಿಲ್ಲ' ಅಂತ ನಾಕ ಮಂದ್ಯಾಗ ಅಂದೆ. ಆಕಿ ಕಮ್ಮಿ ಅದಾಳೇನು, ನನ್ನ ಹೊಟ್ಟ್ಯಾಗ ಹುಟ್ಟಿದಾಕಿ. 'ತುಳೀಬ್ಯಾಡ ಹೋಗು, ನಾನೂ ರಟ್ಟೀಹಳ್ಳಿಗೆ ಬರಂಗಿಲ್ಲ' ಅಂದ್ಳು. ಉಣಲಿಲ್ಲ ನಾ. ಕುಂಚಿಗಿ ಚೀಲದಾಗ ಹಂಗ ಉಳೀತು."

ಅದಾಗಿ ಮೂರು ವರ್ಷ ಕಳೆದಿದ್ದವು. ಇವಳೂ ಹೋಗಲಿಲ್ಲ, ಅವಳೂ ಬರಲಿಲ್ಲ. ಹಿರೇಕೆರೂರಿನ ಮದುವೆಯಲ್ಲಿ ಸವಣೂರು ಕಡೆಯ ಯಾರೋ ಹೆಂಗಸು ಮಾತಿಗೆ ಮಾತು ಬಂದು, ನಿನ್ನ ಮೊಮ್ಮಗ ಥೇಟ್ ಅವರಜ್ಜನ ಹಾಗೆ ಎರಡೂ ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡುತ್ತದೆ ಎಂದಳಂತೆ.

"ನಮ್ಮವರು ಹಂಗ ಅಡ್ಡಾಡ್ತಿದ್ರು ಗಿರಿಜಾ, ಹೊಲದ ಬದುವಿನ ಮ್ಯಾಲೆ. ಆ ಕೂಸಿಗೆ ಯಾರ ಕಲಿಸ್ಯಾರ ಹೇಳು? ಅದು ಅವರನ್ನ ನೋಡೇ ಇಲ್ಲ." ಕುಂಚಿಗಿಯನ್ನು ಮಡಿಸಿ ಒಳಗಿಟ್ಟಳು. "ಹತ್ತಬೇಕಂತ ಕಾಲಿಡ್ತೇನಿ. ಆಡಿದ ಮಾತು ಕಾಲ ಹಿಡಿದು ಜಗ್ಗತೈತಿ."

ಅಂದಿನವರೆಗೆ ಅವಳು ಹೋದರೆ ಸಾಕು ಎಂದು ಅಡುಗೆಮನೆಯ ದೇವರಿಗೆಲ್ಲ ಹೇಳಿಕೊಂಡಿದ್ದ ನಾನು, ಆ ಸಂಜೆ ಅವಳ ಚೀಲ ಹಿಡಿದುಕೊಂಡು ಮನೆಗೆ ಬಂದೆ. ಅತ್ತಿಯನ್ನು ಹಿತ್ತಲಿಗೆ ಕರೆದು ಎಲ್ಲಾ ಹೇಳಿದೆ. ಅತ್ತಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲೂ ಇಲ್ಲ.

"ನನಗ ಆಕಿ ಬಂದ ದಿನಾನ ಗೊತ್ತು. ಮದುವ್ಯಾಗ ನಾನೂ ಆ ಮಾತು ಕೇಳೇನಿ. ಅದಕ್ಕ ಹಾಯ್ದು ಹೋಗ ಅಂತ ಕರದೆ."

"ಮತ್ತ ಮಗಳಿಗೆ ಹೇಳಿ ಕಳಸೂಣಲ್ಲ ಅತ್ತಿ?"

"ಕರದ್ರ ಬರಂಗಿಲ್ಲ ಆಕಿ. ತಾಯಿ ಹೇಳಿ ಕಳಸ್ಯಾಳಂತ ಇನ್ನಷ್ಟು ಬಿಗೀತಾಳ." ಸ್ವಲ್ಪ ಹೊತ್ತು ಬತ್ತಿ ಹೊಸೆದು, "ಸವಣೂರಾಗ ಎಲಿ ಛಲೋ ಸಿಗ್ತಾವು. ಗಂಡನ್ನ ಕರಕೊಂಡು ಎಲಿ ತರಾಕ ಹೋಗು. ಬರೂಮುಂದ ಹಂಗ ಹಾಯ್ದು ಬಾ" ಎಂದಳು.

ಮದುವೆಯಾದ ಮೇಲೆ ನಮ್ಮಿಬ್ಬರನ್ನೇ ಹೊರಗೆ ಕಳಿಸಿದ್ದು ಅದೇ ಮೊದಲು. ನಮ್ಮವರು ತಲೆಗೆ ಎಣ್ಣೆ ಹಚ್ಚಿ, ಕಿವಿಯೊಳಗಿನ ಹಿಟ್ಟನ್ನೂ ತೊಳೆದುಕೊಂಡು ತಯಾರಾದರು. ಸವಣೂರಿನ ಪೇಟೆಯಲ್ಲಿ ವೀಳ್ಯದೆಲೆ ಕೊಂಡೆವು, ಆ ಊರಿನ ಹೆಸರಾದ ಖಾರದ ತಿಂಡಿ ಕೊಂಡೆವು. ಬಸ್ಸಿಳಿದಲ್ಲಿಂದ ಶಾಂತವ್ವನ ಮನೆಯವರೆಗೂ ನಾನು ಆಡಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದೆ.

ಬಾಗಿಲು ತೆರೆದವಳನ್ನು ನೋಡಿ ಪಾಠ ಮರೆತುಹೋಯಿತು. ಅದೇ ಮೂಗು, ಅದೇ ಹುಬ್ಬು, ತಲೆತುಂಬ ಸೆರಗು. ರುದ್ರತ್ತಿಯೇ ಇಪ್ಪತ್ತೈದು ವರ್ಷ ಚಿಕ್ಕವಳಾಗಿ ನಿಂತ ಹಾಗೆ. ಶಿಗ್ಗಾಂವಿಯ ನೀಲವ್ವನ ಮನೆಯವರೆಂದು ಹೇಳಿದೆವು.

"ನಮ್ಮವ್ವ ಕಳಿಸ್ಯಾಳೇನು?" ಎಂದಳು ನೇರವಾಗಿ.

"ಇಲ್ಲಬೇ. ಎಲಿ ತಗೊಳ್ಳಾಕ ಬಂದಿದ್ವಿ. ಹಂಗ ಹಾಯ್ದು ಹೋಗೂಣಂತ…"

ಕೂಡಿಸಿದಳು. ಚಹಾ ಮಾಡಿದಳು. ಹುಡುಗ ಓಣಿಯಲ್ಲಿ ಆಡಲು ಹೋಗಿದ್ದ. ನಾನು ಹವಾ, ಪಾಣಿ, ಎಲೆಯ ಧಾರಣೆ ಎಲ್ಲಾ ಮಾತಾಡಿದೆ. ನಮ್ಮವರು ಹಿಟ್ಟಿನ ಗಿರಣಿಯ ಬೆಲ್ಟಿನ ವಿಷಯ ಶುರು ಮಾಡಿದರು. ಅವರಿಗೆ ಗಾಬರಿಯಾದಾಗ ಬರುವ ಮಾತು ಅದೊಂದೇ. ಕೊನೆಗೆ ಏಳುವಾಗ ನಾನು ಅಂದೆ: "ಈಗ ನಮ್ಮನ್ಯಾಗ ರೊಟ್ಟಿ ಭಾರೀ ಆಗಾಕತ್ತಾವು. ರಟ್ಟೀಹಳ್ಳಿ ಕಡೆಯವರೊಬ್ಬರು ಬಂದಾರ."

ಚಹಾ ಕುಡಿದ ಬಸಿಗಳನ್ನು ಎತ್ತುತ್ತಿದ್ದ ಶಾಂತವ್ವನ ಕೈ ನಿಂತಿತು. ನನ್ನನ್ನು ನೋಡಲಿಲ್ಲ. ನೆಲ ನೋಡುತ್ತಾ ಕೇಳಿದಳು:

"ಆ ಬಂದ ಮಂದಿಗೆ… ಚಳ್ಯಾಗ ಕೆಮ್ಮ ಬರ್ತೈತೇನು?"

"ಮುಂಜಾನೆ ಒಂದೀಟು ಬರ್ತೈತಿ."

ಒಳಗೆ ಹೋದಳು. ಡಬ್ಬಿಯ ಸದ್ದಾಯಿತು. ಕಾಗದದಲ್ಲಿ ಕಟ್ಟಿದ ಬೆಲ್ಲ ಶುಂಠಿಯ ಉಂಡೆಗಳನ್ನು ತಂದು ನನ್ನ ಕೈಯಲ್ಲಿಟ್ಟಳು. "ಪ್ಯಾಟ್ಯಾಗ ಕೊಂಡಿದ್ದಂತ ಹೇಳ್ರಿ."

"ಶಿಗ್ಗಾಂವಿ ಕಡೆ ಬಂದ್ರ ಹಾಯ್ದು ಹೋಗ್ರಿ" ಎಂದೆ.

"ನೋಡೂಣು" ಎಂದಳು.

ಅಂದು ರಾತ್ರಿ ರುದ್ರತ್ತಿಗೆ ಒಂದು ಉಂಡೆ ಕೊಟ್ಟೆ. ಪೇಟೆಯದು ಎಂದೆ. ಬಾಯಿಗೆ ಹಾಕಿಕೊಂಡು ಚಪ್ಪರಿಸಿ, "ಮೆಣಸು ಜಾಸ್ತಿ ಆಗೇತಿ. ಎಷ್ಟ ಹೇಳಿದ್ರೂ ಮೆಣಸು ಜಾಸ್ತಿನ ಹಾಕತಾಳ" ಎಂದಳು. ಅವಳು ಉಂಡೆಯನ್ನು ಅಗಿಯುವುದು ಬಿಟ್ಟು, ದವಡೆಯಲ್ಲಿಟ್ಟುಕೊಂಡು ಬಹಳ ಹೊತ್ತು ಚೀಪುತ್ತಾ ಕೂತಳು.

ಮರುದಿನದಿಂದ ಅವಳು ಬಸ್‌ಸ್ಟ್ಯಾಂಡಿಗೆ ಹೋಗುವುದನ್ನು ಬಿಟ್ಟಳು. ಕಟ್ಟೆಯ ಮೇಲೆ ಅತ್ತಿಯ ಪಕ್ಕದಲ್ಲಿ ಕೂತು ರಸ್ತೆ ನೋಡುತ್ತಿದ್ದಳು. ಬಸ್ಸು ಬಂದ ಸದ್ದಾದರೆ ಕುತ್ತಿಗೆ ತಾನಾಗಿ ಆ ಕಡೆ ಹೊರಳುತ್ತಿತ್ತು. ಒಂದು ದಿನ ಹೋಯಿತು, ಮತ್ತೊಂದು ಹೋಯಿತು. ಯಾರೂ ಬರಲಿಲ್ಲ. ಒಂದು ವಾರ ಕಳೆದು, ಸೋಮವಾರ ಬೆಳಿಗ್ಗೆ ನಾನು ಎದ್ದು ಬಂದಾಗ ರುದ್ರತ್ತಿ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಚೀಲ ಕಟ್ಟಿ ಇಟ್ಟಿದ್ದಳು.

"ಹತ್ತರ ಹಾವೇರಿ ಬಸ್ಸಿಗೆ ಹೊಕ್ಕೇನಿ ನೀಲಾ. ರಟ್ಟೀಹಳ್ಳಿಗೆ. ಭಾಳ ದಿನಾ ಆತು."

ಈ ಸಲ ನೆವವಿರಲಿಲ್ಲ, ಬೆಕ್ಕು ಇರಲಿಲ್ಲ. ಅವಳ ದನಿಯಲ್ಲೇ ತಿಳಿಯಿತು, ಈ ಬಸ್ಸನ್ನು ಅವಳು ಹತ್ತುತ್ತಾಳೆ. ಹತ್ತಿದರೆ ಮತ್ತೆ ಈ ಕಡೆ ಬರುವವಳಲ್ಲ. ಅತ್ತಿ ನನ್ನ ಮುಖ ನೋಡಿದಳು. ಸೊಸೆಯಾದವಳಿಗೆ ಅಂಥ ಹೊತ್ತಿನಲ್ಲಿ ಇರುವುದು ಒಂದೇ ಶಸ್ತ್ರ. ನಾನು ಒಲೆಯ ಮುಂದೆ ಕೂತೆ, ಹಿಟ್ಟಿಗೆ ತಣ್ಣೀರು ಸುರಿದೆ, ರೊಟ್ಟಿ ಬಡಿಯತೊಡಗಿದೆ. ನನ್ನ ಜನ್ಮದಲ್ಲೇ ಅಷ್ಟು ಕೆಟ್ಟ ರೊಟ್ಟಿ ಮಾಡಿರಲಿಲ್ಲ. ಮೊದಲನೆಯದು ಎತ್ತುವಾಗಲೇ ಮೂರಾಯಿತು. ಎರಡನೆಯದು ಹಂಚಿಗೆ ಹತ್ತಿ ಹೊಗೆ ಎದ್ದಿತು. ಪಡಸಾಲೆಯಲ್ಲಿ ಕೂತವಳಿಗೆ ವಾಸನೆ ಹೋಯಿತು.

"ಏನ ಮಾಡಾಕತ್ತಿ ಗಿರಿಜಾ?"

"ನಿಮಗ ಬುತ್ತಿ ರುದ್ರತ್ತಿ."

ಅವಳು ಬಾಗಿಲಿಗೆ ಬಂದು ನೋಡಿದಳು. ನೋಡಿ ತಡೆಯಲಾಗಲಿಲ್ಲ. "ಇಷ್ಟು ದಿನಾ ಕಲಿಸಿದ್ದು ಹೊಳ್ಯಾಗ ಹೋತೇನು? ಸರಿ ಅತ್ತಾಗ!" ಎಂದು ಮೈಮೇಲೆ ಹಾಯ್ದು ಬಂದು, ಸೆರಗು ಸಿಕ್ಕಿಸಿ ಮಣೆಯ ಮೇಲೆ ಕೂತಳು. ನಾನು ಜೋಳದ ಹಿಟ್ಟಿನ ದೊಡ್ಡ ಬುಟ್ಟಿಯನ್ನೇ ಮುಂದೆ ತಂದಿಟ್ಟೆ. ಹತ್ತರ ಬಸ್ಸು ಹಾರನ್ ಮಾಡಿ ಹೋದದ್ದು ಅವಳಿಗೆ ಕೇಳಲಿಲ್ಲ, ಅಥವಾ ಕೇಳಿತು.

ಬಿಸಿಲು ಅಂಗಳಕ್ಕೆ ಇಳಿದ ಹೊತ್ತಿಗೆ ಹೊರಗಿನಿಂದ ದನಿ ಬಂತು. "ನೀಲವ್ವಾರ ಮನಿ ಇದ ಏನ್ರಿ? ದುಂಡಸಿಗೆ ಹೊಂಟಿದ್ವಿ. ಹಂಗ ಹಾಯ್ದು ಹೋಗೂಣಂತ ಬಂದ್ವಿ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಆಮೇಲೆ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಶಾಂತವ್ವ ಮಗನನ್ನು ಮಗ್ಗುಲಿಗೆ ಕೂಡಿಸಿಕೊಂಡು ಪಡಸಾಲೆಯಲ್ಲಿ ಕೂತಳು. ಅತ್ತಿ ದುಂಡಸಿಯಲ್ಲಿ ಯಾರ ಮನೆ, ಏನು ಕೆಲಸ ಎಂದು ಕೇಳಲಿಲ್ಲ. ಶಾಂತವ್ವನ ಕಣ್ಣು ಅಡುಗೆಮನೆಯ ಬಾಗಿಲ ಮೇಲೆ, ಅವಳು ಏಳಲಿಲ್ಲ. ಒಳಗಿನವಳೂ ಏಳಲಿಲ್ಲ. ಎದ್ದವನು ಹುಡುಗ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಹೊಲ ನೋಡಲು ಬಂದ ಯಜಮಾನನ ಹಾಗೆ ನಮ್ಮ ಪಡಸಾಲೆಯನ್ನು ಒಂದು ಸುತ್ತು ಹಾಕಿ, ರೊಟ್ಟಿಯ ಸದ್ದಿನ ಬೆನ್ನು ಹಿಡಿದು ಅಡುಗೆಮನೆಗೆ ನಡೆದ.

ರುದ್ರತ್ತಿ ತಿರುಗಲಿಲ್ಲ. ಒಲೆಯ ಕಡೆ ನೋಡುತ್ತಲೇ ಕೇಳಿದಳು. "ಯಾರಪಾ ನೀ?"

"ನಾನು ರಮೇಶ."

ಹಂಚಿನ ಮೇಲೆ ರೊಟ್ಟಿ ಉಬ್ಬಿ ನಿಂತಿತ್ತು. ಅದನ್ನು ಹೊರಳಿಸಬೇಕಿತ್ತು, ಅವಳು ಹೊರಳಿಸಲಿಲ್ಲ. ನಾನೇ ಕೈ ಹಾಕಿ ತೆಗೆದೆ.

"ರಮೇಶ," ಎಂದಳು, ಬಾಯಲ್ಲಿ ಹಾಕಿ ನೋಡುವವಳ ಹಾಗೆ. ಮತ್ತೊಮ್ಮೆ, "ರಮೇಶ." ಆಮೇಲೆ ತಿರುಗಿದಳು. "ಛಲೋ ಐತಿ ಹೆಸರು. ಬೆಣ್ಣಿ ರೊಟ್ಟಿ ತಿಂತೀಯೇನು ರಮೇಶಪ್ಪಾ?"

ಹುಡುಗ ಕೈ ಬಿಚ್ಚಿ ಅವಳ ತೊಡೆಯ ಮೇಲೆ ಕೂತೇಬಿಟ್ಟ. ಎದ್ದು ಬಂದು ಬಾಗಿಲಿನಲ್ಲಿ ನಿಂತ ಶಾಂತವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಅಂದ ಮೊದಲ ಮಾತು ಇದು: "ಅವನಿಗೆ ಅಷ್ಟ ಬೆಣ್ಣಿ ಹಚ್ಚಬ್ಯಾಡ, ಹೊಟ್ಟಿ ಕೆಡ್ತೈತಿ." ರುದ್ರತ್ತಿಯ ಮೊದಲ ಮಾತು: "ನನಗ ಹೇಳಾಕ ಬಂದಾಳ. ನೀ ಹೊಟ್ಟಿ ಕೆಟ್ಟು ಬೆಳದಿಯೇನು?" ಅಲ್ಲಿಂದ ಮುಂದೆ ಬಸ್ಸಿನ ಹೊತ್ತಿನವರೆಗೆ ತಾಯಿ ಮಗಳು ಬೆಣ್ಣೆ, ಮೆಣಸು, ಹುಡುಗನ ಕೂದಲು ಹೀಗೆ ಒಂದರ ಮೇಲೊಂದು ಜಗಳವಾಡಿದರು. ಅಷ್ಟು ಸುಖದ ಜಗಳವನ್ನು ನಾನು ಮತ್ತೆ ಕೇಳಿಲ್ಲ. ಕುಂಚಿಗಿ ಹೊರಗೆ ಬಂತು. ಹುಡುಗನ ತಲೆಗೆ ಏರಿಸಲು ಹೋದರೆ ಅದು ನೆತ್ತಿಯ ಮೇಲೇ ನಿಂತುಬಿಟ್ಟಿತು. ಅವನು ಅದನ್ನು ಕಿತ್ತು ನಮ್ಮ ಬೆಕ್ಕಿಗೆ ತೊಡಿಸಲು ಓಡಿದ. ದುಂಡಸಿಯ ಮಾತು ಯಾರೂ ಎತ್ತಲಿಲ್ಲ.

ನಾಲ್ಕಕ್ಕೆ ಎಲ್ಲರೂ ಬಸ್‌ಸ್ಟ್ಯಾಂಡಿಗೆ ಹೋದೆವು. ಮಾವನೂ ಗಿರಣಿ ನಿಲ್ಲಿಸಿ ಬಂದರು. ಸವಣೂರು ಬಸ್ಸು ಬಂತು. ಹುಡುಗನನ್ನು ಹತ್ತಿಸಿ, ತಾನೂ ಹತ್ತಿ, ಶಾಂತವ್ವ ಬಾಗಿಲಿನಲ್ಲಿ ನಿಂತು ಕೈ ಚಾಚಿದಳು. "ಹತ್ತ ಬೇ."

ರುದ್ರತ್ತಿ ಮೆಟ್ಟಿಲ ಹತ್ತಿರ ನಿಂತುಬಿಟ್ಟಳು. "ಹೊಸ್ತಿಲಾ ತುಳಿಯಂಗಿಲ್ಲ ಅಂದೇನಿ ಶಾಂತಾ. ನಾಕ ಮಂದ್ಯಾಗ ಅಂದೇನಿ."

"ಹೊಸ್ತಿಲಾ ಯಾರರೆ ತುಳೀತಾರೇನಬೇ? ಲಕ್ಷ್ಮಿ ಇರೋ ಜಾಗ ಅದು. ಹಾಯ್ದು ಬಾ."

ರುದ್ರತ್ತಿ ಬಾ ಎಂದ ಮಗಳನ್ನು ನೋಡಿದಳು, ನಮ್ಮನ್ನು ನೋಡಿದಳು. ಹತ್ತಿದಳು. ಆ ಕಂಡಕ್ಟರು ಅಂದು ತಾನಾಗಿ ರೈಟ್ ಅನ್ನಲಿಲ್ಲ. ಅವಳು ಸೀಟು ಹಿಡಿದು ಕೂಡುವವರೆಗೆ ಕಾದ.

ಯುಗಾದಿ ಮುಗಿದ ಮೇಲೆ ಅವಳು ಊರಿಗೆ ಹೊರಟಳು. ಹಾವೇರಿಗೆ ನೆಟ್ಟಗಿನ ಬಸ್ಸು ಬಿಟ್ಟು ಶಿಗ್ಗಾಂವಿಯ ಮೇಲೆಯೇ ಬಂದಳು. ಈ ಸಲ ಜೊತೆಯಲ್ಲಿ ಮೊಮ್ಮಗನಿದ್ದ. ಬೇಸಿಗೆಗೆ ಅಜ್ಜಿಯ ಮನೆಗೆ ಹೊರಟಿದ್ದ. ನಾನು ಚಾಪೆ ಹಾಸಿದೆ, ಚಹಾಕ್ಕಿಟ್ಟೆ. ಅವಳು ಬಾಗಿಲಲ್ಲೇ ನಿಂತು ನೀರು ಕುಡಿದಳು.

"ಕುಂದ್ರಂಗಿಲ್ಲ ಗಿರಿಜಾ. ಬಸ್ಸು ನಿಂತೈತಿ."

ಇದೇನು ನಿಜವಿದ್ದೀತು ಎಂದು ನಾನು ಚಹಾ ಸೋಸಿದೆ. ಸೋಸಿ ಹೊರಗೆ ಬರುವಷ್ಟರಲ್ಲಿ ಅವಳು ಹುಡುಗನ ಕೈ ಹಿಡಿದು ರಸ್ತೆ ದಾಟುತ್ತಿದ್ದಳು. ನಾನು ಚಹಾದ ಬಸಿ ಹಿಡಿದುಕೊಂಡೇ ಹಿಂದೆ ಓಡಿದೆ. ಹೊಸ ಸೊಸೆ ರಸ್ತೆಯಲ್ಲಿ ಓಡುವುದನ್ನು ಶಿಗ್ಗಾಂವಿ ಕಣ್ಣು ತುಂಬ ನೋಡಿತು. ಬಸ್ಸಿನ ಕಿಟಕಿಯಲ್ಲಿ ಅವಳ ಮುಖ ಸಿಕ್ಕಿತು. ಅರ್ಧ ಚೆಲ್ಲಿದ ಚಹಾವನ್ನು ಮೇಲೆ ಚಾಚಿದೆ. ಅವಳು ಒಂದೇ ಗುಟುಕಿಗೆ ಕುಡಿದು ಬಸಿಯನ್ನು ತಿರುಗಿ ಕೊಟ್ಟಳು.

ನನಗೆ ಏನು ಹೇಳಬೇಕೋ ತಿಳಿಯದೆ, ಕಟ್ಟೆಯ ಮೇಲಿನ ಅತ್ತಿಯ ಮಾತೇ ಬಾಯಿಗೆ ಬಂತು. "ಮತ್ತ ಈ ಕಡೆ ಬಂದ್ರ…"

ಅವಳು ಕಿಟಕಿಯಿಂದ ಕೈ ಹಾಕಿ ನನ್ನ ಗಲ್ಲ ಹಿಡಿದಳು. ರೊಟ್ಟಿ ಬಡಿದು ಬಡಿದು ಕಲ್ಲಾದ ಕೈ.

"ನೀನ ರಟ್ಟೀಹಳ್ಳಿಗೆ ಬಾ. ಹಾಯ್ದು ಹೋಗಾಕಲ್ಲ. ಇರಾಕ ಬಾ."

ಆ ವರ್ಷ ನಾಗರ ಪಂಚಮಿಗೆ ತವರಿನಿಂದ ಅಣ್ಣ ಕರೆಯಲು ಬಂದಿದ್ದ. ಆಡೂರಿನಲ್ಲಿ ಉಂಡಿ ತಿಂದು, ಜೋಕಾಲಿ ಆಡಿ, ಹಬ್ಬ ಮುಗಿದ ಮರುದಿನ ಚೀಲ ಕಟ್ಟುತ್ತಾ ಅವ್ವನಿಗೆ ಹೇಳಿದೆ: "ನನಗ ಇನ್ನೊಂದು ತವರ ಐತಿ."